ಮೂರು ವ್ಯಾಟಿನ ಸಂಸಾರ

ಸೈಕಲ್ಲಿನ ಗಾಲಿಗೆ ತಲೆ ಒತ್ತಿಕೊಂಡು ಗುಂಯ್ ಎಂದು ಹಾಡುವ ಡೈನಮೋ ಎಂಬ ಕುಪ್ಪಿಯನ್ನು ಕಾಣದವರು ನಮ್ಮ ಓದುಗರಲ್ಲಿ ವಿರಳ. ನಮ್ಮ ತಂದೆಯವರ ಕಾಲದಲ್ಲಿ ಊರ ಹಾದಿಯ ಕತ್ತಲೆಗೆ ಅದೇ ಮದ್ದು. ತುಳಿದರೆ ಬೆಳಕು, ನಿಂತರೆ ಕತ್ತಲೆ. ಎದುರಿಗೆ ಹಾವು ಕಂಡಿತೆಂದು ನಿಂತುಬಿಟ್ಟರೆ ಹಾವೂ ಕಾಣದು, ಹಾದಿಯೂ ಕಾಣದು. ಆ ಕುಪ್ಪಿಯ ದಿನಗಳು ಮುಗಿದವೆಂದೇ ಎಲ್ಲರೂ ತಿಳಿದಿದ್ದರು. ಆದರೆ ಜೇಬಿಗೊಂದು ಮೊಬೈಲು ಬಂದ ಮೇಲೆ, ದೂರ ಪ್ರಯಾಣ ಮಾಡುವ ಸೈಕಲ್ ಸವಾರರ ಪಾಲಿಗೆ ಅದು ಹೊಸ ವೇಷ ತೊಟ್ಟು ಮತ್ತೆ ರಂಗಕ್ಕೆ ಬಂದಿದೆ. ಈಗ ಅದರ ಕೆಲಸ ದೀಪ ಹಚ್ಚುವುದಷ್ಟೇ ಅಲ್ಲ. ಬ್ಯಾಟರಿಯ ಹೊಟ್ಟೆ ತುಂಬಿಸುವುದು.

2025ರ ಜನವರಿಯಲ್ಲಿ ನಾವು ಮೂವರು ಮುಂಬಯಿಯಿಂದ ಹೊನ್ನಾವರದವರೆಗೆ ಕಡಲ ಕರೆಯನ್ನೇ ಹಿಡಿದು ಸೈಕಲ್ ತುಳಿದೆವು. ಮೂವರೂ ಒಂದೇ ಸರಕಾರಿ ಕಚೇರಿಯ ಕಾರಕೂನರು. ಕಡತಗಳ ಧೂಳಿನಲ್ಲಿ ಕನ್ನಡ ಮಾತಾಡಿ ಪರಿಚಯವಾದವರು. ಊರಿನ ಹೆಸರಿನಿಂದಲೇ ಒಬ್ಬರನ್ನೊಬ್ಬರು ಕರೆಯುವ ರೂಢಿ. ಧಾರವಾಡದವರಿಗೆ ಯಂತ್ರಗಳ ಹುಚ್ಚು. ಹೊನ್ನಾವರದವರಿಗೆ ಅಷ್ಟೇನೂ ಹುಚ್ಚಿಲ್ಲ, ಆದರೆ ಈ ಪ್ರಯಾಣದ ಗುರಿ ಅವರ ಮನೆ. ಶರಾವತಿಯ ದಂಡೆಯ ಹಳ್ಳಿಯೊಂದರಲ್ಲಿ ಎಂಬತ್ತಮೂರು ವರ್ಷದ ಅವರ ತಾಯಿ ಒಬ್ಬರೇ ಇದ್ದಾರೆ. ಎರಡು ವರ್ಷದ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಿದ್ದು, ನೆರೆಯವರ ಕಣ್ಣಿಗೆ ಬೀಳಲು ಬೆಳಗಾಗಬೇಕಾಯಿತು. ಅಂದಿನಿಂದ ರಾತ್ರಿ ಎಂಟು ಗಂಟೆಗೆ ಮಗ ಫೋನು ಮಾಡಬೇಕು, ತಾಯಿ ಎತ್ತಬೇಕು. ಇದು ತಪ್ಪಕೂಡದ ಕಟ್ಟಳೆ. ಆದ್ದರಿಂದ ನಾವು ಹೊರಡುತ್ತೇವೆಂದಾಗ ಅವರ ಮನೆಯಲ್ಲಿ ಊಟವೆಲ್ಲಿ, ನಿದ್ದೆಯೆಲ್ಲಿ ಎಂದು ಯಾರೂ ಕೇಳಲಿಲ್ಲ. "ಮೊಬೈಲಿಗೆ ಕರೆಂಟು ಎಲ್ಲಿಂದ?" ಎಂದೇ ಕೇಳಿದರು.

ಇದಕ್ಕೆ ಮೂವರೂ ಮೂರು ಉತ್ತರ ಹುಡುಕಿದೆವು. ಧಾರವಾಡದವರು ಕೆಲವು ಸಾವಿರ ಸುರಿದು ಮುಂದಿನ ಗಾಲಿಯ ಗುಂಬದೊಳಗೇ ಡೈನಮೋ ಇರುವ ಹೊಸ ಚಕ್ರ ಕಟ್ಟಿಸಿದರು. ನಾವು ನಮ್ಮ ತಂದೆಯವರ ಸೈಕಲ್ಲಿನ ಹಳೆಯ ಕುಪ್ಪಿ ಡೈನಮೋವನ್ನೇ ತಿಕ್ಕಿ ತೊಳೆದು, ಎಣ್ಣೆ ಬಿಟ್ಟು ಹಚ್ಚಿಕೊಂಡೆವು. ಹೊನ್ನಾವರದವರು ಪುಸ್ತಕದಂತೆ ಮಡಚುವ ಹತ್ತು ವ್ಯಾಟಿನ ಸೌರ ಹಲಗೆಯೊಂದನ್ನು ಕೊಂಡು, "ನೀವು ಬೆವರಿ, ನಾನು ಬಿಸಿಲು ಕಾಯಿಸುತ್ತೇನೆ" ಎಂದರು.

ಗುಂಬದ ಡೈನಮೋ ಹೊಸ ಸೃಷ್ಟಿಯೆಂದು ಎಣಿಸಬೇಡಿ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸ್ಟರ್ಮಿ-ಆರ್ಚರ್ ಕಂಪನಿ 1936ರಷ್ಟು ಹಿಂದೆಯೇ ಅಂಥದನ್ನು ಮಾರುತ್ತಿತ್ತು. ತತ್ತ್ವವಂತೂ 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದೇ: ತಂತಿಯ ಸುರುಳಿಯ ಬಳಿ ಆಯಸ್ಕಾಂತ ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಕುಪ್ಪಿಯಲ್ಲಿ ಟಯರಿಗೆ ತಿಕ್ಕುವ ಸಣ್ಣ ರಾಟೆ ಆಯಸ್ಕಾಂತವನ್ನು ತಿರುಗಿಸುತ್ತದೆ. ಗುಂಬದಲ್ಲಿ ಚಕ್ರವೇ ತಿರುಗಿಸುತ್ತದೆ, ತಿಕ್ಕಾಟವಿಲ್ಲ, ಗುಂಯ್‌ಗುಟ್ಟುವಿಕೆಯೂ ಇಲ್ಲ. ಎರಡಕ್ಕೂ ಜರ್ಮನರು ಹಾಕಿಕೊಟ್ಟ ಅಳತೆ ಒಂದೇ: ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಆರು ವೋಲ್ಟು, ಮೂರು ವ್ಯಾಟು. ಹೊರಬರುವ ಪ್ರವಾಹ ಹಿಂದಕ್ಕೂ ಮುಂದಕ್ಕೂ ತೂಗಾಡುವಂಥದು. ಮೊಬೈಲಿಗೆ ಬೇಕಾದದ್ದು ಒಂದೇ ದಿಕ್ಕಿನ ಐದು ವೋಲ್ಟು. ಆದ್ದರಿಂದ ನಡುವೆ ಒಂದು ಪರಿವರ್ತಕದ ಪೆಟ್ಟಿಗೆ ಬೇಕು.

ಮೂರು ವ್ಯಾಟು ಎಂದರೆ ಎಷ್ಟು? ತಿಂಗಳು ತಿಂಗಳೂ ಬಿಲ್ಲು ಕಟ್ಟುವ ನಮಗೆ ಈ ಲೆಕ್ಕ ಮಾಡಿದಾಗ ಮೈ ಜುಮ್ಮೆಂದಿತು. ಬಿಲ್ಲಿನಲ್ಲಿ ಬರುವ ಒಂದು ಯುನಿಟ್ಟು ಎಂದರೆ ಸಾವಿರ ವ್ಯಾಟು, ಒಂದು ಗಂಟೆ. ಮೂರು ವ್ಯಾಟಿನಿಂದ ಅದನ್ನು ಕೂಡಿಸಬೇಕಾದರೆ 333 ಗಂಟೆ ತುಳಿಯಬೇಕು. ಗಂಟೆಗೆ 15ರಂತೆ 5000 ಕಿಲೋಮೀಟರ್! ಕಾಶ್ಮೀರದಿಂದ ಕನ್ಯಾಕುಮಾರಿ ಮುಟ್ಟಿದರೂ ಯುನಿಟ್ಟು ಪೂರ್ತಿಯಾಗದು. ಮನೆಯಲ್ಲಿ ತಲೆಯ ಮೇಲೆ ತಿರುಗುವ 75 ವ್ಯಾಟಿನ ಫ್ಯಾನಿಗೆ ಇಪ್ಪತ್ತೈದು ಮಂದಿ ಎಡೆಬಿಡದೆ ಸೈಕಲ್ ತುಳಿಯುತ್ತಿರಬೇಕು. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಈಗೀಗ ನಮ್ಮ ಕಣ್ಣಿಗೆ ಆ ಇಪ್ಪತ್ತೈದು ಮಂದಿಯ ಬೆವರು ಕಾಣಿಸುತ್ತದೆ.

ಹಾಗೆಂದು ಮೂರು ವ್ಯಾಟು ಕಡೆಗಣಿಸುವಂಥದಲ್ಲ. ಇಂದಿನ ಸಾಮಾನ್ಯ ಮೊಬೈಲಿನ ಬ್ಯಾಟರಿಗೆ ಹತ್ತೊಂಬತ್ತು ವ್ಯಾಟ್-ಗಂಟೆಯಷ್ಟು ಹಿಡಿಸುತ್ತದೆ. ದಿನಕ್ಕೆ ಐದು ಗಂಟೆ ತುಳಿದರೆ ಹುಟ್ಟುವುದು ಹದಿನೈದು. ಪರಿವರ್ತಕದ ಸೋರಿಕೆ, ಏರುದಾರಿಯ ನಷ್ಟ ಕಳೆದರೆ ಕೈಗೆ ಎಂಟು ಹತ್ತು. ಅರ್ಧ ಹೊಟ್ಟೆಯ ಊಟ. ನಕಾಶೆಯನ್ನು ಮೊದಲೇ ಇಳಿಸಿಕೊಂಡು, ಹಗಲೆಲ್ಲ ಫೋನನ್ನು ಮಲಗಿಸಿಟ್ಟು, ರಾತ್ರಿ ಒಂದೆರಡು ಮಾತಿಗೆ ಎಬ್ಬಿಸುವವನಿಗೆ ಅಷ್ಟು ಸಾಕು. ದಾರಿಯುದ್ದಕ್ಕೂ ಚಲನಚಿತ್ರ ನೋಡುವವನಿಗೆ ದೇವರೇ ಗತಿ.

ಇದಕ್ಕೆ ಕಾಲು ತೆರುವ ಕಂದಾಯವೂ ಉಂಟು. ನಮ್ಮಂಥವರು ದಿನವಿಡೀ ನಿಧಾನವಾಗಿ ತುಳಿದರೆ ಎಪ್ಪತ್ತು ಎಂಬತ್ತು ವ್ಯಾಟಿನಷ್ಟು ದುಡಿಯುತ್ತೇವೆ. ಒಳ್ಳೆಯ ಗುಂಬದ ಡೈನಮೋ ಮೂರು ಕೊಡಲು ಐದಾರು ಕೇಳುತ್ತದೆ. ಕುಪ್ಪಿಯದು ಇನ್ನೂ ದುರಾಸೆ, ಎಂಟು ಹತ್ತು ಕೇಳುತ್ತದೆ.

ಭಾವೂಚಾ ಧಕ್ಕಾದಿಂದ ರೋ-ರೋ ಹಡಗಿನಲ್ಲಿ ಮಾಂಡವೆಗೆ ಒಂದು ಗಂಟೆಯ ದಾರಿ. ಅಲ್ಲಿಂದ ಅಲೀಬಾಗ, ರೇವದಂಡಾ, ಮುರುಡ. ಮೊದಲ ದಿನವೇ ಜನರ ಪ್ರಶ್ನೆ ಶುರುವಾಯಿತು. ಗುಂಬದಿಂದ ಹೊರಟ ತಂತಿ ಕಂಡವರೆಲ್ಲ "ಬ್ಯಾಟರಿ ಸೈಕಲ್ಲೇ?" ಎಂದು ಮರಾಠಿಯಲ್ಲಿ ವಿಚಾರಿಸುವರು. ಬ್ಯಾಟರಿ ಸೈಕಲ್ಲನ್ನು ಓಡಿಸುವುದಿಲ್ಲ, ಸೈಕಲ್ಲು ಬ್ಯಾಟರಿಯನ್ನು ಸಾಕುತ್ತದೆ ಎಂದು ಧಾರವಾಡದವರು ತಮ್ಮ ಧಾರವಾಡದ ಮರಾಠಿಯಲ್ಲಿ ವಿವರಿಸಿದಾಗ, ಆಗರದಾಂಡಾ ಧಕ್ಕೆಯ ಮುದುಕನೊಬ್ಬ ತಲೆಯಾಡಿಸಿ, "ಹಾಗಾದರೆ ಇದು ಸಂಸಾರಸ್ಥ ಸೈಕಲ್ಲು" ಎಂದ. ಅಂದಿನಿಂದ ಅದರ ಹೆಸರು ಅದೇ ಆಯಿತು.

ಸೌರ ಹಲಗೆಯ ಗುಟ್ಟು ಎರಡನೆಯ ದಿನ ಬಯಲಾಯಿತು. ಹಿಂದಿನ ಕ್ಯಾರಿಯರಿನ ಮೇಲೆ ಹರಡಿದ್ದ ಹಲಗೆ ಎಳೆ ಬಿಸಿಲಿನಲ್ಲಿ ಚೆನ್ನಾಗಿ ದುಡಿದು, ಸುಡುವ ಮಧ್ಯಾಹ್ನ ಸುಮ್ಮನಾಗಿಬಿಡುತ್ತಿತ್ತು. ಹಿಂದೆ ಬರುತ್ತಿದ್ದ ನಮಗೆ ಕಾರಣ ಕಣ್ಣಿಗೇ ಕಂಡಿತು. ನಾವು ಹೋಗುತ್ತಿದ್ದುದು ತೆಂಕಣಕ್ಕೆ. ಜನವರಿಯಲ್ಲಿ ಮಧ್ಯಾಹ್ನದ ಸೂರ್ಯನೂ ತೆಂಕಣಕ್ಕೇ ವಾಲಿರುತ್ತಾನೆ. ಸವಾರನ ಬೆನ್ನಿನ ನೆರಳು ಸರಿಯಾಗಿ ಹಲಗೆಯ ಮೇಲೆಯೇ ಬೀಳುತ್ತಿತ್ತು. ಹಲಗೆಯನ್ನು ಮುಂದಿನ ಚೀಲದ ಮೇಲಕ್ಕೆ ಬದಲಾಯಿಸಿದ ಮೇಲೆ ಸರಿಹೋಯಿತು. ಉತ್ತರಕ್ಕೆ ಹೋಗುವವರು ಹಿಂದೆಯೇ ಇಡಲಿ. ಆದರೆ ಕೊಂಕಣದ ಹಾದಿಗೆ ಮಾವು, ಗೋಡಂಬಿ, ಅಡಕೆಯ ನೆರಳು ದಟ್ಟ. ಆ ನೆರಳು ಸವಾರನಿಗೆ ಅಮೃತ, ಹಲಗೆಗೆ ಉಪವಾಸ. ಅದರ ನಿಜವಾದ ಸಂಪಾದನೆ ನಿಂತಾಗಲೇ. ಊಟಕ್ಕೆಂದು ಒಂದೂವರೆ ಗಂಟೆ ಕೂತಾಗ ಹಲಗೆಯನ್ನು ಸೂರ್ಯನಿಗೆ ನೇರವಾಗಿ ಒರಗಿಸಿಟ್ಟರೆ, ಧಾರವಾಡದವರು ಇಡೀ ದಿನ ತುಳಿದು ಗಳಿಸಿದ್ದಕ್ಕೆ ಸರಿಸಮ ಗಳಿಸಿಬಿಡುತ್ತಿತ್ತು. ಧಾರವಾಡದವರಿಗೆ ಇದು ಸ್ವಲ್ಪ ಸಂಕಟದ ವಿಷಯ, ಹೆಚ್ಚು ಬರೆಯುವುದಿಲ್ಲ.

ಗುಂಬದ ಡೈನಮೋವಿಗೂ ಒಂದು ಹಟವಿದೆ. ಘಟ್ಟ ಹತ್ತುವಾಗ ವೇಗ ಗಂಟೆಗೆ ಆರೇಳಕ್ಕೆ ಇಳಿದರೆ ಮೊಬೈಲಿಗೆ ಸಾಲುವಷ್ಟು ಪ್ರವಾಹ ಬರುವುದಿಲ್ಲ. ಹತ್ತು ಹನ್ನೆರಡು ದಾಟಬೇಕು. ಬಂದು ಹೋಗಿ, ಬಂದು ಹೋಗಿ ಮಾಡುವ ಪ್ರವಾಹಕ್ಕೆ ಮೊಬೈಲು ಪ್ರತಿಸಲವೂ ಎಚ್ಚೆತ್ತು, ಮುಖ ಬೆಳಗಿಸಿ, ಸಿಕ್ಕಿದ್ದಕ್ಕಿಂತ ಹೆಚ್ಚು ಖರ್ಚು ಮಾಡುತ್ತದೆ. ಆದ್ದರಿಂದ ಚಕ್ರದಿಂದ ನೇರವಾಗಿ ಮೊಬೈಲಿಗೆ ಕೊಡಬಾರದು. ನಡುವೆ ಒಂದು ಕೈಬ್ಯಾಟರಿ ಇಟ್ಟು, ಹಗಲು ಅದನ್ನು ತುಂಬಿಸಿ, ರಾತ್ರಿ ಅದರಿಂದ ಮೊಬೈಲಿಗೆ ಬಡಿಸಬೇಕು. ಸೂರಿನ ನೀರನ್ನು ಹಂಡೆಯಲ್ಲಿ ಹಿಡಿದು ಆಮೇಲೆ ತಂಬಿಗೆಗೆ ಬಗ್ಗಿಸಿಕೊಳ್ಳುವುದಿಲ್ಲವೇ, ಹಾಗೆ.

ಶ್ರೀವರ್ಧನದಲ್ಲಿ ಅಡಕೆ ತೋಟದ ನಡುವಿನ ಮನೆಯೊಂದರಲ್ಲಿ ಇಳಿದೆವು. ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ನಾವು ಚಕ್ರ ತಿರುಗಿಸುತ್ತಿದ್ದುದನ್ನು ಮನೆಯ ಯಜಮಾನಿತಿ ಬಹಳ ಹೊತ್ತು ನೋಡುತ್ತ ನಿಂತಿದ್ದರು. "ನಿಸರ್ಗದ ವರ್ಷ ಇದೊಂದು ಇದ್ದಿದ್ದರೆ!" ಎಂದರು. ನಿಸರ್ಗ ಎಂದರೆ 2020ರ ಜೂನ್ 3ರಂದು ಈ ಕರಾವಳಿಗೆ ಅಪ್ಪಳಿಸಿದ ಚಂಡಮಾರುತ. ಅಜ್ಜ ನೆಟ್ಟ ಅಡಕೆ ಮರಗಳು ಮಧ್ಯಾಹ್ನದೊಳಗೆ ಮಲಗಿದವು. ವಿದ್ಯುತ್ ಕಂಬಗಳು ಉರುಳಿ ವಾರಗಟ್ಟಲೆ ಕತ್ತಲೆ. ಅವರ ಮಗ ಮುಂಬಯಿಯಲ್ಲಿ. ಅದು ಕೊರೋನಾದ ಕಾಲ ಬೇರೆ. ಯಾರದೋ ಜನರೇಟರಿನ ಬಳಿ ಸಾಲು ನಿಂತು, ದುಡ್ಡು ಕೊಟ್ಟು, ಮೊಬೈಲಿಗೆ ಅರ್ಧ ಗಂಟೆ ಕರೆಂಟು ಪಡೆದು, ಮಗ ಬದುಕಿದ್ದಾನೆಯೇ ಎಂದು ಅವರು, ತಾಯಿ ಬದುಕಿದ್ದಾಳೆಯೇ ಎಂದು ಮಗ ವಿಚಾರಿಸಿಕೊಂಡರಂತೆ. ಹೊನ್ನಾವರದವರು ಆ ರಾತ್ರಿ ಎಂಟಕ್ಕೆ ಐದು ನಿಮಿಷ ಮೊದಲೇ ಫೋನು ಹಚ್ಚಿದರು.

ಹರಿಹರೇಶ್ವರ, ಕೇಳಶಿ, ಅಂಜರ್ಲೆ, ಹರ್ಣೈ. ಮರಳಿನ ಹಾದಿಯಲ್ಲಿ ನಮ್ಮ ಕುಪ್ಪಿಯ ರಾಟೆ ಜಾರತೊಡಗಿತು. ಟಯರಿನ ಪಕ್ಕೆಯೂ ಸವೆಯಿತು. ನಾಲ್ಕನೆಯ ದಿನ ದಾಪೋಲಿಯಿಂದ ದಾಭೋಳಕ್ಕೆ ಇಳಿಯುವಾಗ ಅದರ ಕತೆಯೇ ಮುಗಿಯಿತು. ಇಳಿಜಾರಿನಲ್ಲಿ ಗಂಟೆಗೆ ನಲವತ್ತರ ವೇಗ; ಪೆಟ್ಟಿಗೆಗೆ ಏನೂ ಜೋಡಿಸಿರಲಿಲ್ಲ. ಹೊರೆ ಇಲ್ಲದ ಡೈನಮೋ ವೇಗ ಹೆಚ್ಚಿದಂತೆ ವೋಲ್ಟನ್ನೂ ಏರಿಸುತ್ತ ಹೋಗುತ್ತದೆ. ಆರು ಇದ್ದದ್ದು ಮೂವತ್ತನ್ನೂ ದಾಟಬಲ್ಲದು. ಅಂಗಡಿಯವನು ಎಂಥ ವೇಗಕ್ಕೂ ಅಂಜದೆಂದು ಹೇಳಿ ಕೊಟ್ಟಿದ್ದ ಪರಿವರ್ತಕ ಟಪ್ ಎಂದಿತು. ಸುಟ್ಟ ವಾಸನೆ ಬಂತು. ಧಾರವಾಡದವರು ಬಿಚ್ಚಿ ನೋಡಿ, ಒಳಗಿನ ಕೆಪಾಸಿಟರು ಹದಿನಾರು ವೋಲ್ಟಿನದೆಂದು ತೋರಿಸಿದರು. ಅವರ ಪೆಟ್ಟಿಗೆಯಲ್ಲಿ ಏರಿದ ವೋಲ್ಟನ್ನು ಕತ್ತರಿಸುವ ಏರ್ಪಾಡಿತ್ತು. ಕೊಳ್ಳುವವರು ಇದೊಂದನ್ನು ಕೇಳಿ ಕೊಳ್ಳಬೇಕು.

ದಾಭೋಳದ ಖಾರಿಯನ್ನು ದೋಣಿಯಲ್ಲಿ ದಾಟುವಾಗ ಎದುರು ದಂಡೆಯಲ್ಲಿ ಅಂಜನವೇಲಿನ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಅಮೆರಿಕದ ಎನ್ರಾನ್ ಕಂಪನಿ ತಂದ ಯೋಜನೆ; 1999ರಲ್ಲಿ ಮೊದಲ ಘಟ್ಟ ಕೆಲಸ ಆರಂಭಿಸಿತು, ದರದ ಜಗಳದಲ್ಲಿ 2001ರಲ್ಲಿ ನಿಂತಿತು, ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯೂ ದಿವಾಳಿಯಾಯಿತು. 2005ರಲ್ಲಿ ಸರಕಾರಿ ಸಂಸ್ಥೆಗಳು ಸೇರಿ ಕಟ್ಟಿದ ಹೊಸ ಕಂಪನಿ ಅದನ್ನು ವಹಿಸಿಕೊಂಡಿತು. ಸುಮಾರು ಎರಡು ಸಾವಿರ ಮೆಗಾವ್ಯಾಟಿನ ಆ ಕೋಟೆಯ ಬುಡದಲ್ಲಿ ಮೂರು ವ್ಯಾಟಿನ ನಾವು ದೋಣಿಯ ಕಟಕಟೆಗೆ ಸೈಕಲ್ ಕಟ್ಟಿಕೊಂಡು ಸಾಗಿದೆವು.

ಚೋದ್ಯವೆಂದರೆ, ಅದೇ ಸಂಜೆ ಗುಹಾಗರದಲ್ಲಿ ನಾವು ಇಳಿದ ಬೀದಿಗೆ ಕರೆಂಟು ಇರಲಿಲ್ಲ. ತಂತಿಯ ರಿಪೇರಿ, ಮಧ್ಯಾಹ್ನದಿಂದ ಹೋದದ್ದು ಇನ್ನೂ ಬಂದಿಲ್ಲ ಎಂದರು. ನಮ್ಮ ಕುಪ್ಪಿ ಸತ್ತಿತ್ತು. ಹಲಗೆ ದಿನವಿಡೀ ಮರದ ನೆರಳಿನಲ್ಲಿ ಉಪವಾಸವಿತ್ತು. ಹೊನ್ನಾವರದವರ ಫೋನು ಮಧ್ಯಾಹ್ನವೇ ಕಣ್ಣು ಮುಚ್ಚಿತ್ತು. ಉಳಿದದ್ದು ಸಂಸಾರಸ್ಥ ಸೈಕಲ್ಲಿನ ಕೈಬ್ಯಾಟರಿ ಒಂದೇ. ಅದರಿಂದ ಫೋನಿಗೆ ಜೀವ ಕೊಟ್ಟು ಎಂಟಕ್ಕೆ ಕರೆ ಮಾಡಿದರೆ ತಾಯಿ ಎತ್ತಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಎತ್ತಿದರು; ಮಾತು ತೊದಲುತ್ತಿತ್ತು, ತಲೆ ಸುತ್ತುತ್ತದೆ, ಗೋಡೆ ಹಿಡಿದು ಕೂತಿದ್ದೇನೆ ಎಂದರು.

ಹೊನ್ನಾವರದವರ ಕೈ ನಡುಗುತ್ತಿತ್ತು. ನೆರೆಮನೆಗೆ ಒಂದು ಕರೆ, ಪೇಟೆಯಲ್ಲಿರುವ ತಂಗಿಗೆ ಒಂದು, ತಂಗಿಯ ಗಂಡ ಕಾರು ತೆಗೆದನೇ ಎಂದು ಇನ್ನೊಂದು. ಮೇಣದ ಬತ್ತಿಯ ಬೆಳಕಿನಲ್ಲಿ ನಾವು ಮೂವರೂ ಕೈಬ್ಯಾಟರಿಯ ನಾಲ್ಕು ಚುಕ್ಕಿಗಳನ್ನೇ ನೋಡುತ್ತ ಕುಳಿತೆವು. ನಾಲ್ಕರಲ್ಲಿ ಎರಡು ಉರಿಯುತ್ತಿದ್ದವು. ಒಂಬತ್ತೂವರೆಯ ಹೊತ್ತಿಗೆ ಒಂದಾಯಿತು. ಧಾರವಾಡದವರು ಒಂದು ಮಾತೂ ಆಡದೆ ಎದ್ದು, ಸೈಕಲ್ಲನ್ನು ಕತ್ತಲ ರಸ್ತೆಗೆ ಇಳಿಸಿ, ತುಳಿಯಲು ಹೋದರು. ಬೀದಿಯ ಈ ತುದಿಯಿಂದ ಆ ತುದಿಗೆ ಅವರ ದೀಪ ಹೋಗಿ ಬಂದು ಮಾಡುತ್ತಿತ್ತು, ನಾಯಿಗಳು ಬೊಗಳುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ನಾವು ಹೋಗಿ ಅವರನ್ನು ಇಳಿಸಿ ತುಳಿದೆವು. ಒಂದು ಗಂಟೆಯ ತುಳಿತಕ್ಕೆ ಎರಡು ವ್ಯಾಟ್-ಗಂಟೆ ಕೂಡುವುದೇ ಹೆಚ್ಚು. ಆದರೆ ಎರಡು ವ್ಯಾಟ್-ಗಂಟೆ ಎಂದರೆ ಒಂದು ಗಂಟೆಗೂ ಮೀರಿದ ಮಾತು.

1929ರಲ್ಲಿ ಆಸ್ಟ್ರೇಲಿಯದ ಆಲ್ಫ್ರೆಡ್ ಟ್ರೇಗರ್ ಎಂಬಾತ ಪೆಡಲು ತುಳಿದು ನಡೆಸುವ ರೇಡಿಯೋ ಕಟ್ಟಿದ. ನೂರಾರು ಮೈಲಿ ನರಪಿಳ್ಳೆಯಿಲ್ಲದ ಒಳನಾಡಿನ ದನಗಾಹಿಗಳ ಮನೆಗಳಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಮನೆಯವರು ಕುಳಿತು ಪೆಡಲು ತುಳಿದು, ವಿಮಾನದಲ್ಲಿ ಬರುವ ವೈದ್ಯನನ್ನು ಕರೆಯುತ್ತಿದ್ದರು. ಇದನ್ನು ಧಾರವಾಡದವರು ಪ್ರಯಾಣಕ್ಕೆ ಮುಂಚೆ ನಮಗೆ ಹತ್ತು ಸಲ ಹೇಳಿ ಬೇಸರ ತರಿಸಿದ್ದರು. ಆ ರಾತ್ರಿ ಹೇಳಲಿಲ್ಲ.

ಹನ್ನೊಂದೂಕಾಲಿಗೆ ತಂಗಿಯ ಕರೆ ಬಂತು. ರಕ್ತದೊತ್ತಡ ಏರಿತ್ತು, ಎರಡು ದಿನದಿಂದ ಮಾತ್ರೆ ತೀರಿದ್ದರೂ ತಾಯಿ ಯಾರಿಗೂ ಹೇಳಿರಲಿಲ್ಲ. ಸರಿಯಾದ ಹೊತ್ತಿಗೆ ತಂದಿರಿ ಎಂದು ವೈದ್ಯರು ಹೇಳಿದರಂತೆ. ಬೆಳಗಾದ ಮೇಲೆ ಹೊನ್ನಾವರದವರು ಚಿಪಳೂಣಕ್ಕೆ ಹೋಗಿ ರೈಲು ಹಿಡಿಯುವುದೆಂದು ಗಂಟು ಕಟ್ಟಿದ್ದರು. ಆಸ್ಪತ್ರೆಯಿಂದ ತಾಯಿಯೇ ಮಾತಾಡಿದರು: "ಸೈಕಲ್ಲಿನಲ್ಲಿ ಬರುತ್ತೇನೆಂದು ಊರಿಗೆಲ್ಲ ಹೇಳಿಸಿದ್ದೀಯೆ. ರೈಲಿನಲ್ಲಿ ಬಂದರೆ ನನಗೆ ಮರ್ಯಾದೆ ಉಳಿಯುತ್ತದೆಯೇ?" ತಂಗಿಯೂ ತಾನಿದ್ದೇನೆಂದು ಧೈರ್ಯ ಹೇಳಿದರು. ಗಂಟು ಬಿಚ್ಚಿ ಮತ್ತೆ ಸೈಕಲ್ಲಿಗೆ ಕಟ್ಟಿದೆವು. ಅಂದಿನಿಂದ ದಿನಕ್ಕೆ ಮೂರು ಕರೆ.

ಈ ಕರಾವಳಿಯ ಚೆಲುವನ್ನು ವರ್ಣಿಸಿದವರು ಬಹಳ ಮಂದಿ. ಅದು ವಿದ್ಯುತ್ತಿನ ಕರಾವಳಿಯೂ ಹೌದೆಂಬುದು ನಿಧಾನವಾಗಿ ಹೋಗುವವರಿಗೇ ತಿಳಿಯುತ್ತದೆ. ದಾಭೋಳ ದಾಟಿದರೆ ಜಯಗಡದಲ್ಲಿ 1200 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರ. ರತ್ನಾಗಿರಿ ದಾಟಿದರೆ ಜೈತಾಪುರ. ತಲಾ 1650 ಮೆಗಾವ್ಯಾಟಿನ ಆರು ಅಣು ರಿಯಾಕ್ಟರುಗಳನ್ನು ಕಟ್ಟುವ ಯೋಜನೆಗೆ ಮೀಸಲಾದ, ಜನ ಬಲವಾಗಿ ವಿರೋಧಿಸಿದ ನೆಲ. ಅಲ್ಲಿ ಇನ್ನೂ ಸ್ಥಾವರ ಎದ್ದಿಲ್ಲ. ವಿಜಯದುರ್ಗ, ಮಾಲವಣ, ವೆಂಗುರ್ಲೆ, ಗೋವೆ ಹಿಂದಾದವು. ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಿದ್ದರಿಂದ ವಾಹನಗಳೆಲ್ಲ ಹೊಸ ಸೇತುವೆಯ ಮೇಲೆಯೇ ಎರಡೂ ದಿಕ್ಕಿಗೆ ನುಗ್ಗುತ್ತಿದ್ದವು. ನಾವು ಜೀವ ಹಿಡಿದು ದಾಟಿದೆವು. ಅದೇ ಕಾಳಿಯ ಮೇಲ್ದಂಡೆಯಲ್ಲಿ ಕೈಗಾ ಇದೆ. ಅದರ ಮೊದಲ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ನಡೆದು ಲೋಕದಾಖಲೆ ಮಾಡಿತ್ತು. ಕನ್ನಡದ ಫಲಕಗಳು ಕಂಡಾಗ ಧಾರವಾಡದವರು ಗಂಟೆ ಬಾರಿಸಿದ್ದೇ ಬಾರಿಸಿದ್ದು.

ಹನ್ನೆರಡನೆಯ ದಿನ ಮಧ್ಯಾಹ್ನ ಶರಾವತಿಯ ದಂಡೆಯ ಮನೆ ಮುಟ್ಟಿದೆವು. ತಾಯಿ ಆಸ್ಪತ್ರೆಯಿಂದ ಬಂದು ವಾರವಾಗಿತ್ತು; ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಒಟ್ಟು ಸುಮಾರು 700 ಕಿಲೋಮೀಟರ್ ತುಳಿದಿದ್ದೆವು. ಧಾರವಾಡದವರ ಲೆಕ್ಕದಂತೆ ಡೈನಮೋ ಹುಟ್ಟಿಸಿದ್ದು ಒಂದು ಯುನಿಟ್ಟಿನ ಏಳನೆಯ ಒಂದು ಪಾಲು.

ತಾಯಿಯ ತವರು ಸಾಗರದ ಕಡೆ, ಇದೇ ಹೊಳೆಯ ಮೇಲ್ದಂಡೆಯಲ್ಲಿ. ಈಗ ಇಲ್ಲ. 1964ರಲ್ಲಿ ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಮನೆ, ತೋಟ, ಗದ್ದೆ ಎಲ್ಲ ಮುಳುಗಿದವು. ಮದುವೆಯಾಗಿ ಘಟ್ಟದ ಕೆಳಗೆ ಬಂದಿದ್ದ ಅವರಿಗೆ ತವರಿಗೆ ಹೋಗುವ ದಾರಿಯೇ ನೀರಾಯಿತು. ಆ ನೀರಿನಿಂದ 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ ನಡೆಯುತ್ತದೆ. ನಾಡಿನ ಊರೂರು ಬೆಳಗಿದ್ದು ಅದರಿಂದ. ಆದರೆ ಮುಳುಗಿದ ಊರಿನಿಂದ ಎದ್ದು ಕಾಡಿನಂಚಿಗೆ ಹೋಗಿ ಗುಡಿಸಲು ಹಾಕಿದ ಅವರ ಅಣ್ಣಂದಿರ ಮನೆಗೆ ದೀಪ ಬರಲು ವರ್ಷಗಟ್ಟಲೆ ಹಿಡಿಯಿತು. "ಅಣ್ಣ ಸಾಯುವವರೆಗೂ ಚಿಮಣಿ ಬುಡ್ಡಿಯೇ" ಎಂದು ಹೇಳಿ, ಬೇರೆ ಮಾತಿಗೆ ಹೊರಳಿದರು.

ಸಂಜೆ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿದೆವು. ತಾಯಿ ಕೋಲೂರಿ ಇಳಿದು ಬಂದು ಬೆರಳಿನಿಂದ ಚಕ್ರ ತಿರುಗಿಸಿದರು. ಮೊದಲು ದೀಪ ಮಿಣುಕಿತು. ಅಂಗೈಯಿಂದ ಜೋರಾಗಿ ಎಳೆದರು, ಬೆಳಕು ಚೆಲ್ಲಿತು.

"ಇದಕ್ಕೆ ಯಾರ ಮನೆಯೂ ಮುಳುಗುವುದಿಲ್ಲವಲ್ಲ?" ಎಂದರು.

"ಇಲ್ಲಮ್ಮಾ" ಎಂದರು ಧಾರವಾಡದವರು, "ಆದರೆ ಇದರಿಂದ ಒಂದು ಫ್ಯಾನೂ ತಿರುಗುವುದಿಲ್ಲ."

"ಫ್ಯಾನು ಬೇಡ, ಬೀಸಣಿಗೆ ಇದೆ" ಎಂದು ಮತ್ತೊಮ್ಮೆ ಚಕ್ರ ಎಳೆದರು. ನೆರೆಮನೆಯ ಮಕ್ಕಳು ಬಂದು ಸಾಲು ನಿಂತ ಮೇಲೆ ಅವರಿಗೆ ಬಿಟ್ಟುಕೊಟ್ಟರು. ಕತ್ತಲಾಗುವವರೆಗೂ ಚಕ್ರ ನಿಲ್ಲಲಿಲ್ಲ.

ಎರಡು ದಿನವಿದ್ದು, ಸೈಕಲ್ಲುಗಳನ್ನು ರೈಲಿನ ಸಾಮಾನು ಡಬ್ಬಿಗೆ ಹಾಕಲು ಕುಮಟೆಗೆ ಹೊರಟೆವು. ಬುತ್ತಿಯ ಗಂಟನ್ನು ಕೊಡುತ್ತ ತಾಯಿ ಮಗನನ್ನು ಕೇಳಿದರು: "ಸೈಕಲ್ಲು ಡಬ್ಬಿಯೊಳಗೆ ಮಲಗಿದರೆ ಚಕ್ರ ತಿರುಗುವುದಿಲ್ಲ. ಎಂಟು ಗಂಟೆಗೆ ಫೋನಿಗೆ ಕರೆಂಟು ಎಲ್ಲಿಂದ?"

ರೈಲಿನಲ್ಲಿ ಆಸನದ ಬಳಿಯೇ ಪ್ಲಗ್ಗು ಇರುತ್ತದೆಂದೂ, 2022ರಿಂದ ಕೊಂಕಣದ ಹಳಿಯುದ್ದಕ್ಕೂ ರೈಲೇ ಕರೆಂಟಿನ ಮೇಲೆ ಓಡುತ್ತದೆಂದೂ ಧಾರವಾಡದವರು ವಿವರಿಸಿದರು. ತಾಯಿ ಪೂರ್ತಿ ಕೇಳಿಸಿಕೊಂಡು, "ಆದರೂ ಆ ಕೈಬ್ಯಾಟರಿ ತುಂಬಿಸಿಕೊಂಡೇ ಹೋಗಿ" ಎಂದರು. ಕುಮಟೆಯವರೆಗೆ ಚೆನ್ನಾಗಿ ತುಳಿದೆವು.